ಭಾವನ ಹೂಂ

"ಬಂದವರೆಲ್ಲರ ಎದುರಿಗೂ ಒಬ್ಬೊಬ್ಬ ಆಳು ನಿಂತಿರಬೇಕು ಕಣಮ್ಮ, ಅದು ಮರ್ಯಾದೆ," ಅಂದರು ಭಾವ. "ಗಿರಾಕಿ ಬಾಯಿ ಬಿಡೋ ಮೊದಲೇ ನಮ್ಮ ಥ್ರೆಡ್ ಕೈಕಟ್ಟಿಕೊಂಡು ಹಾಜರ್. ನೀನು ನೋಡಿದ್ರೆ ಅವರನ್ನೆಲ್ಲ ಮನೆಗೆ ಕಳಿಸ್ತೀನಿ ಅಂತೀಯ."

"ಗಿರಾಕಿ ಬಾಯಿ ಬಿಟ್ಟರೆ ತಾನೇ ಭಾವ? ಟಿಕೆಟ್ಟಿನ ಪುಟ ತೆರೆದಿಟ್ಟು, ಕಿಟಕಿ ಸೀಟು ಯಾರಿಗೆ ಅಂತ ಮನೆಯವರ ಜೊತೆ ಜಗಳಕ್ಕೆ ಹೋಗಿರ್ತಾರೆ. ನಮ್ಮ ಆಳು ಅವರ ಬಾಗಿಲಲ್ಲೇ ಕಂಬದ ಹಾಗೆ ನಿಂತಿರ್ತಾನೆ. ಇಂಥ ಕಂಬ ಸಾವಿರಾರು ಆದ್ರೆ ಕಂಪ್ಯೂಟರಿಗೆ ಉಸಿರಾಡೋಕೂ ಜಾಗ ಇರಲ್ಲ. ಹೋದ ರಜೆಯಲ್ಲಿ ಆಗಿದ್ದು ಅದೇ ಅಲ್ವಾ?"

ಹೋದ ರಜೆಯ ಮಾತೆತ್ತಿದರೆ ಭಾವನಿಗೆ ಕನ್ನಡಕ ಒರೆಸಿಕೊಳ್ಳಬೇಕು ಅನ್ನಿಸುತ್ತದೆ. ಒರೆಸಿಕೊಂಡರು. ನಮ್ಮದು ಕನ್ನಡಕದಂಗಡಿಯ ಮೇಲಿನ ಎರಡೂವರೆ ಕೋಣೆಯ ಆಫೀಸು, ಒರೆಸುವ ಬಟ್ಟೆಗೆ ಬರವಿಲ್ಲ.

ಒಂದು ಬಸ್ ಕಂಪನಿಗೆ ಟಿಕೆಟ್ ಮಾರುವ ವೆಬ್‌ಸೈಟ್ ನಡೆಸಿಕೊಡುವುದು ನಮ್ಮ ಕಸುಬು. ಜನ ಎಲ್ಲೆಲ್ಲಿಂದಲೋ ಕೇಳಿದ್ದಕ್ಕೆ ಉತ್ತರ ಕೊಡುವ ಪ್ರೋಗ್ರಾಮಿಗೆ ಸರ್ವರ್ ಅಂತಾರೆ. ಅದರೊಳಗೆ ಒಂದೇ ಹೊತ್ತಿಗೆ ಬೇರೆಬೇರೆ ಕೆಲಸ ಹಿಡಿದು ಓಡಾಡುವ ಆಳುಗಳಿಗೆ ಥ್ರೆಡ್ ಅಂತಾರೆ. ನಮ್ಮ ಸರ್ವರನ್ನು ಭಾವ ತಮ್ಮ ಕೂದಲು ಕಪ್ಪಗಿದ್ದ ಕಾಲದಲ್ಲಿ ತಾವೇ ಕೂತು ಬರೆದದ್ದು. ಗಿರಾಕಿಗೊಂದು ಥ್ರೆಡ್. ದಿನಕ್ಕೆ ನಾಲ್ಕಾರು ಜನ ಬರುತ್ತಿದ್ದಾಗ ಅದು ರಾಜೋಪಚಾರವೇ. ಹೋದ ರಜೆಯಲ್ಲಿ ಊರಿಗೆ ಊರೇ ಟಿಕೆಟ್ ಕೇಳಿಕೊಂಡು ಬಂದಾಗ ಸರ್ವರ್ ಮಂಡಿಯೂರಿ ಕೂತುಬಿಟ್ಟಿತು. ಬಸ್ ಕಂಪನಿಯವರು ಬೈಯಲಿಲ್ಲ, ಅದೇ ಭಯ. ಹೊಸದನ್ನು ಮಾಡಿ, ನಾವೇ ಬಂದು ಪರೀಕ್ಷೆ ಮಾಡ್ತೀವಿ, ಅದೂ ಕೈಕೊಟ್ಟರೆ ನಮ್ಮ ದಾರಿ ನಮಗೆ ಅಂದರು.

ಹೊಸದನ್ನು ಮಾಡುವ ಕೆಲಸ ನನ್ನ ಮೇಲೆ ಬಿತ್ತು. ಬಿತ್ತು ಅಂದರೆ ಸುಳ್ಳು, ನಾನೇ ಹೋಗಿ ತಲೆ ಕೊಟ್ಟೆ. ಅದಕ್ಕೆ ಮುಂಚೆ ನಾನು ಅದೇ ಆಫೀಸಿನ ಫೋನ್ ಮೇಜಿನಲ್ಲಿ ಕೂತಿದ್ದವಳು. ಬಾಗಿಲಿನ ಪಕ್ಕ ಸಣ್ಣ ಮೇಜು, ಒಂದು ಫೋನು, ಅದಕ್ಕೆ ಆರು ಲೈನು, ಆರು ಮಿಣುಕು ದೀಪ. ಒಂದು ಕರೆಗೂ ಇನ್ನೊಂದು ಕರೆಗೂ ನಡುವಿನ ಬಿಡುವಿನಲ್ಲಿ ಕೋಡ್ ಬರೆಯುವುದನ್ನು ಕಲಿತೆ. ಯಾರನ್ನು ಕಂಡರೂ ಕೇಳುತ್ತಿದ್ದೆ, ನಾಚಿಕೆ ಅನ್ನುವುದು ನಮ್ಮ ವಂಶದಲ್ಲಿ ಅಕ್ಕನ ಪಾಲಿಗೆ ಹೋಗಿದೆ.

ಭಾವ ಒಪ್ಪಿದ್ದು ಹೀಗೆ: "ಸದ್ಯಕ್ಕೆ ಕಿಟಕಿ ಹತ್ರದ ಮೇಜಿನಲ್ಲಿ ಕೂತ್ಕೋ. ಪರೀಕ್ಷೆ ಪಾಸಾದ್ರೆ ಆ ಮೇಜೂ ನಿಂದು, ಸರ್ವರೂ ನಿಂದು. ಫೇಲಾದ್ರೆ ಮಾತಿಲ್ಲದೆ ವಾಪಸ್ ಫೋನ್ ಮೇಜಿಗೆ. ನಾದಿನಿ ಅಂತ ನೋಡಲ್ಲ."

ನಾದಿನಿ ಅಂತ ನೋಡದೇ ಇದ್ದಿದ್ದರೆ ಫೋನ್ ಮೇಜಿಗೆ ಕಡಿಮೆ ಸಂಬಳಕ್ಕೆ ಕೂರಿಸುತ್ತಿದ್ದರೇ ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಕಿಟಕಿಯ ಮೇಜು ಬೇಕಾಗಿತ್ತು.

"ನಾನು ಹೇಳ್ತಿರೋದು ಫೋನ್ ಮೇಜಿನ ಲೆಕ್ಕಾನೇ ಭಾವ," ಅಂದೆ, ಆವತ್ತಿನ ಕಂಬದ ವಾದಕ್ಕೆ ಸೇರಿಸಿ. "ಆರು ಲೈನ್ ಇತ್ತು, ಆರು ಜನರನ್ನ ಇಟ್ಟಿರಲಿಲ್ವಲ್ಲ ನೀವು?"

"ಅದು ಸಂಬಳದ ಮಾತು. ಥ್ರೆಡ್ಡಿಗೆ ಯಾರು ಸಂಬಳ ಕೊಡ್ತಾರೆ?"

ಕಂಪ್ಯೂಟರಿನ ಹಿಂದಿನಿಂದ ಪದಕ ಕೆಮ್ಮಿದ. ಕೆಮ್ಮಲ್ಲ ಅದು, ನಗು. ಪದಕ ನನ್ನ ಸಹೋದ್ಯೋಗಿ. ಕಾಲೇಜಿನಲ್ಲಿ ಚಿನ್ನದ ಪದಕ ಗೆದ್ದವನಾದ್ದರಿಂದ ಭಾವ ಇಟ್ಟ ಹೆಸರು. ಗೌರವದಿಂದಲೋ ಹೊಟ್ಟೆಕಿಚ್ಚಿನಿಂದಲೋ ಅವರೇ ಹೇಳಬೇಕು. ಮಹಾ ಬುದ್ಧಿವಂತ, ಆದರೆ ಮಾತಿಗೊಂದು ತೆರಿಗೆ ಕಟ್ಟುವವನ ಹಾಗೆ ಆಡುತ್ತಾನೆ. ನಾನು ಅವನ ಪಾಲಿನದನ್ನೂ ಸೇರಿಸಿ ಮಾತಾಡುವುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು.

ಇಬ್ಬರೂ ಕೂತು ಹೊಸ ಸರ್ವರ್ ಕಟ್ಟಿದೆವು. ಅಸಿಂಕ್ರನಸ್ ಅಂತ ಈ ರೀತಿಗೆ ಹೆಸರು. ಹೆಸರು ಹೊರಲಾರದಷ್ಟು ಭಾರ, ಸಂಗತಿ ಇಷ್ಟೇ: ಒಬ್ಬರನ್ನು ಕೇಳಿ ಅವರ ಮುಖ ನೋಡುತ್ತಾ ನಿಲ್ಲಬೇಡ, ಅವರು ಬಾಯಿ ಬಿಡುವ ತನಕ ಮಿಕ್ಕವರನ್ನು ನೋಡು. ಬಾಗಿಲಲ್ಲಿ ಒಂದೇ ಒಂದು ಥ್ರೆಡ್. ಅದಕ್ಕೆ ಬಾಗಿಲವಳು ಅಂತ ನಾನೇ ಹೆಸರಿಟ್ಟೆ. ಯಾವ ಲೈನಿನ ದೀಪ ಮಿಣುಕುತ್ತಿದೆ ಅಂತ ಕಂಪ್ಯೂಟರೇ ಅವಳಿಗೆ ತಿಳಿಸುತ್ತದೆ. ಅವಳು ಆ ಲೈನುಗಳನ್ನಷ್ಟೇ ಎತ್ತಿ, ಬಂದಷ್ಟನ್ನು ಕೇಳಿ, ಮುಂದಿನದಕ್ಕೆ ಹೋಗುತ್ತಾಳೆ. ಮಾತು ಪೂರ್ತಿಯಾದರೆ ಒಂದು ಚೀಟಿ ಮಾಡಿ ಒಳಗಿನ ಸಾಲಿಗೆ ಹಾಕುತ್ತಾಳೆ. ಒಳಗೆ ಬೆರಳೆಣಿಕೆಯ ಥ್ರೆಡ್‌ಗಳು ಚೀಟಿ ತೆಗೆದುಕೊಂಡು ಸೀಟು ಹುಡುಕಿ ಉತ್ತರ ಬರೆದು ವಾಪಸ್ ಕೊಡುತ್ತವೆ. ಬಾಗಿಲವಳು ಅದನ್ನು ಲೈನಿನಲ್ಲಿ ಹೋಗುವಷ್ಟು ಕಳಿಸಿ, ಉಳಿದದ್ದನ್ನು ಪಕ್ಕಕ್ಕಿಟ್ಟುಕೊಂಡು, ದಾರಿ ಬಿಡುವಾದಾಗ ಮತ್ತೆ ಕಳಿಸುತ್ತಾಳೆ.

"ಮಾತು ಅರ್ಧಕ್ಕೆ ನಿಂತರೆ?" ಅಂತ ಪದಕ ಮೊದಲೇ ಎಚ್ಚರಿಸಿದ್ದ. ನೆಟ್‌ವರ್ಕಿನಲ್ಲಿ ಮಾತು ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಅದಂತೂ ನನಗೆ ಅಂಗೈ ನೆಲ್ಲಿಕಾಯಿ. ಫೋನ್ ಮೇಜಿನಲ್ಲಿ ಕೂತವಳಿಗೆ ಅರ್ಧ ಮಾತಿನವರು ಗೊತ್ತಿಲ್ಲವೇ? "ಹಲೋ, ನಾನು ಕಣ್ರೀ, ಅದೇ..." ಅಂದು ಮಗುವಿನ ಮೂಗು ಒರೆಸಲು ಹೋಗುವವರು. ಲಿಫ್ಟಿನಲ್ಲಿ ಕಾಣೆಯಾಗಿ ಮಹಡಿ ಬಂದಾಗ ಮತ್ತೆ ಹುಟ್ಟುವವರು. ಎಲ್ಲಿಗೆ ಅಂತ ಹೇಳಿ ಯಾವತ್ತು ಅಂತ ಹೇಳದವರು. ಪ್ರತಿ ಲೈನಿಗೂ ಒಂದು ಚೀಟಿ ಇಟ್ಟು, ಮಾತು ಎಲ್ಲಿಗೆ ನಿಂತಿತ್ತೋ ಗುರುತು ಹಾಕಿಕೊಂಡರಾಯಿತು. ಬಾಗಿಲವಳಿಗೂ ಅದನ್ನೇ ಕಲಿಸಿದೆ.

ಅವಳಿಗೆ ಇದ್ದದ್ದು ಒಂದೇ ಕಟ್ಟಪ್ಪಣೆ: ಕುರ್ಚಿ ಬಿಟ್ಟು ಏಳಬಾರದು. ಏನೇ ಆಗಲಿ, ಯಾರೇ ಕರೆಯಲಿ. ಅವಳು ಒಂದು ಕಡೆ ಕಾಯುತ್ತಾ ನಿಂತಳೋ, ಊರಿನ ಲೈನೆಲ್ಲ ಬಡಿದುಕೊಳ್ಳುತ್ತಿರುತ್ತವೆ. ಒಳಗೆ ಎಂಥ ಶೂರರಿದ್ದರೂ ಚೀಟಿ ಬಾರದೆ ಆಕಳಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ.

ಇದು ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಭಾವನೇ ಕಾರಣ. ನಾನು ಫೋನ್ ಮೇಜಿನಲ್ಲಿದ್ದಾಗ ಫೋನಿನ ಗಂಟೆ ಬಡಿದರೆ ಸಾಕು, ಕ್ಯಾಬಿನ್ನಿನಿಂದ "ಯಾರದಮ್ಮಾ?" ಅನ್ನುವರು. ಕೂತಲ್ಲಿಂದ ಹೇಳಿದರೆ ಆಗದು, ಒಳಗೆ ಹೋಗಿ ಹೇಳಬೇಕು. ಹೇಳಿದರೂ ಮುಗಿಯದು, ಅವರು ಕಾಗದದಿಂದ ತಲೆಯೆತ್ತಿ "ಹೂಂ" ಅನ್ನುವ ತನಕ ನಿಂತಿರಬೇಕು. ಅಷ್ಟರಲ್ಲಿ ಹೊರಗೆ ಉಳಿದ ಐದು ದೀಪ ಮಿಣುಕಿ ಮಿಣುಕಿ ಸಾಯುತ್ತಿದ್ದವು.

ಭಾವನ ಹೂಂ ಅಂದರೆ ಸಾಮಾನ್ಯದ್ದಲ್ಲ. ಮೂಗಿನಿಂದ ಹೊರಟು ಎದೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಒಪ್ಪಿಗೆಯಿಲ್ಲ, ಬೇಡವೆಂಬುದೂ ಇಲ್ಲ. ನೀನು ಹೇಳಿದ್ದು ನನ್ನ ತನಕ ಬಂದು ಮುಟ್ಟಿತು, ಇನ್ನು ನೀನು ಮುಂದುವರಿಯಬಹುದು ಅಂತ ಅಷ್ಟೇ.

ಸರ್ವರ್ ತಯಾರಾಗಿ ನಾವಿಬ್ಬರೂ ಖುಷಿಯಲ್ಲಿದ್ದಾಗ ಭಾವ ಬಂದು ನನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

"ಎಲ್ಲ ಸರಿ. ಬಂದವರ ವಿಷಯ ನನಗೆ ಹೇಗೆ ಗೊತ್ತಾಗುತ್ತೆ?"

"ಸಂಜೆ ಒಟ್ಟು ಎಷ್ಟು ಜನ ಅಂತ ಕೊಡ್ತೀನಿ ಭಾವ."

"ಸಂಜೆ ಯಾರಿಗೆ ಬೇಕು? ಬಾಗಿಲಿಗೆ ಬರ್ತಿದ್ದ ಹಾಗೇ ಗೊತ್ತಾಗ್ಬೇಕು. ನನ್ನ ಲ್ಯಾಪ್‌ಟಾಪಿಗೆ ಹೇಳು, ಅದು ಗೋಡೆ ಮೇಲಿನ ಪರದೆಗೆ ಹಾಕುತ್ತೆ. ಮೊದಲು ನನಗೆ, ಆಮೇಲೆ ಒಳಗೆ."

ಪದಕ ತೆರಿಗೆ ಕಟ್ಟಿ ಬಾಯಿಬಿಟ್ಟ: "ಸರ್, ಸುದ್ದಿ ಎಸೆದು ಮುಂದೆ ಹೋಗೋಣ. ಉತ್ತರಕ್ಕೆ ಕಾಯೋದು ಬೇಡ."

"ಅಂದ್ರೆ?"

"ಅಂದ್ರೆ ಭಾವ," ಅಂದೆ ನಾನು, "ನಿಮಗೆ ಹೇಳ್ತೀವಿ, ಆದ್ರೆ ನೀವು ಹೂಂ ಅನ್ನೋವರೆಗೆ ಬಾಗಿಲಲ್ಲಿ ನಿಲ್ಲಲ್ಲ."

"ಅದೆಂಥ ಹೇಳೋದಮ್ಮ? ಗೋಡೆಗೂ ಹಾಗೆ ಹೇಳಬಹುದು. ನನಗೆ ಮುಟ್ಟಿತೋ ಇಲ್ವೋ ನೋಡ್ಬೇಡ್ವಾ? ನನ್ನ ಲ್ಯಾಪ್‌ಟಾಪು ಹೂಂ ಅನ್ಲಿ, ಆಮೇಲೆ ಹೆಜ್ಜೆ ಎತ್ತಿ."

"ಅದು ಹೂಂ ಅನ್ನದೇ ಹೋದ್ರೆ? ಇಷ್ಟು ಹೊತ್ತು ಕಾದು ಬಿಟ್ಟುಬಿಡೋದು ಅಂತಾದ್ರೂ ಒಂದು ಗಡುವು ಹಾಕೋಣ."

ಭಾವ ಕನ್ನಡಕ ತೆಗೆದರು. "ನನಗೆ ಗಡುವು ಹಾಕ್ತೀಯೇನಮ್ಮ?"

"ಹೋಗ್ಲಿ, ಬಾಗಿಲವಳಿಗೆ ಬೇಡ. ಒಳಗಿನ ಆಳು ಬಂದು ಹೇಳ್ಲಿ."

"ಒಳಗೆ ಹೋದ್ಮೇಲೆ ನನ್ನನ್ನ ಕೇಳೋದು, ಮದುವೆ ಆದ್ಮೇಲೆ ಜಾತಕ ನೋಡಿದ ಹಾಗೆ."

ನಾನು ಆ ಸಾಲನ್ನು ಬರೆಯುವ ತನಕ ಅವರು ಕುರ್ಚಿಯ ಹಿಂದಿನಿಂದ ಕದಲಲಿಲ್ಲ. ಬರೆದೆ. ಬಾಗಿಲವಳು ಪ್ರತಿಯೊಬ್ಬ ಗಿರಾಕಿಯ ಸುದ್ದಿಯನ್ನೂ ಭಾವನ ಲ್ಯಾಪ್‌ಟಾಪಿಗೆ ಕಳಿಸಬೇಕು, ಅಲ್ಲಿಂದ ಹೂಂ ಬರುವ ತನಕ ಉಸಿರು ಬಿಗಿಹಿಡಿದು ನಿಂತಿರಬೇಕು. ಓಡಿಸಿ ನೋಡಿದೆವು. ನಾವಿಬ್ಬರೇ ಗಿರಾಕಿಗಳು. ಹೂಂ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಪರದೆಯ ಮೇಲೆ ಅಂಕಿ ಏರಿತು. ಭಾವನ ಮುಖ ಹುಣ್ಣಿಮೆ.

"ನೋಡಿದ್ಯಾ? ಏನಾಯ್ತು ಈಗ?"

"ಈಗ ಎಚ್ಚರ ಇದೆ," ಅಂದ ಪದಕ, ಲ್ಯಾಪ್‌ಟಾಪ್ ಕಡೆ ನೋಡುತ್ತಾ.

ಆ ಸಂಜೆ ಊಟಕ್ಕೆ ಕೂತಾಗ ಅಕ್ಕ ಶಾಲೆಯ ಕಥೆ ತೆಗೆದಳು. ಅಕ್ಕ ಭೂಗೋಳ ಕಲಿಸುವ ಟೀಚರು. ನನ್ನ ಕೋಣೆ ಅವರ ಮನೆಯ ಮಹಡಿಯ ಮೇಲೆ, ಊಟ ಅವರ ಜೊತೆ.

"ಹೆಡ್‌ಮಿಸ್ ಇವತ್ತು ಗ್ಲೋಬನ್ನ ತಲೆಕೆಳಗು ಹಿಡ್ಕೊಂಡು ಕ್ಲಾಸಿಗೆ ಬಂದ್ರು ಕಣ್ರೀ," ಅಂದಳು. ನಿಂತಳು.

ಭಾವ ಮೊಬೈಲಿನಲ್ಲಿದ್ದರು. ಅಕ್ಕ ಕಾದಳು. ಸೌಟು ಅವಳ ಕೈಯಲ್ಲಿ, ಅನ್ನ ಸೌಟಿನಲ್ಲಿ, ನನ್ನ ತಟ್ಟೆ ಖಾಲಿ. ಬಿಸಿ ಆರುತ್ತಿತ್ತು.

"ಹೂಂ," ಅಂದರು ಭಾವ.

"ಮಕ್ಕಳು ನಗೋದಕ್ಕೆ ಶುರು ಮಾಡಿದ್ವು." ಮತ್ತೆ ನಿಂತಳು.

ಹೆಡ್‌ಮಿಸ್ ಗ್ಲೋಬನ್ನು ಸರಿಮಾಡಿ ಹಿಡಿಯುವಷ್ಟರಲ್ಲಿ ಸಾರಿನ ಮೇಲೆ ಕೆನೆಗಟ್ಟಿತು. ಭಾವ ಕೈತೊಳೆದು ಹೋದ ಮೇಲೆ ನಾನು ಅಕ್ಕನಿಗೆ ಬಾಗಿಲವಳ ಕಥೆ ಹೇಳಿದೆ. ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು.

"ಪಾಪ, ಆ ಸರ್ವರನ್ನೂ ಇವರಿಗೇ ಕೊಟ್ಟು ಮದುವೆ ಮಾಡಿಬಿಟ್ಯಾ?"

"ನಗ್ಬೇಡ ಕಣೇ. ಪರೀಕ್ಷೆ ಹೋದ್ರೆ ನಾನು ಮತ್ತೆ ಫೋನ್ ಮೇಜಿಗೆ."

"ಗೊತ್ತು." ನಗು ನಿಂತಿತು. "ಇವರ ಹೂಂ ಇಲ್ದೆ ಹೋದ್ರೆ ಏನಾಗುತ್ತಂತೆ?"

"ಏನೂ ಆಗಲ್ಲ. ಕೋಳಿ ಕೂಗದೇ ಇದ್ರೆ ಬೆಳಗಾಗಲ್ವಾ?"

"ನನ್ನನ್ನ ಕೇಳ್ಬೇಡ," ಅಂದಳು ಅಕ್ಕ, ತಣ್ಣನೆಯ ಪಾತ್ರೆಗಳನ್ನು ಎತ್ತುತ್ತಾ. "ನಾನು ಇಷ್ಟು ವರ್ಷದಲ್ಲಿ ಕೋಳಿ ಕೂಗೋಕೆ ಮುಂಚೆ ಎದ್ದು ನೋಡಿಲ್ಲ."

ಪರೀಕ್ಷೆಯ ದಿನ ಬಸ್ ಕಂಪನಿಯಿಂದ ಒಬ್ಬ ಮೇಡಂ ಬಂದರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಒಂದು ಕಂಪ್ಯೂಟರು, ಅದರೊಳಗೆ ಸಾವಿರಾರು ಸುಳ್ಳು ಪ್ರಯಾಣಿಕರು. ಅವರನ್ನು ನಮ್ಮ ಸರ್ವರಿನ ಮೇಲೆ ಒಟ್ಟಿಗೇ ಬಿಡುವುದು, ಎಷ್ಟು ಜನಕ್ಕೆ ಉತ್ತರ ಬಂತು ಅಂತ ನೋಡುವುದು. ಕಾಫಿ ಬೇಡ, ಬಿಸ್ಕತ್ತು ಬೇಡ, ಗೋಡೆಯ ಪರದೆಯ ವೈರು ಎಲ್ಲಿದೆ ಅಂದರು. ನಮ್ಮ ಅರ್ಧ ಕೋಣೆಯೇ ಮೀಟಿಂಗ್ ಕೋಣೆ; ಗಾಜಿನ ಬಾಗಿಲಾದ್ದರಿಂದ ನನ್ನ ಕಿಟಕಿಯ ಮೇಜಿನಿಂದ ಎಲ್ಲ ಕಾಣುತ್ತದೆ.

ಭಾವ ತಮ್ಮ ಅಂಕಿಗಳನ್ನು ಅಲ್ಲಿಯೇ ತೋರಿಸಿ ಮೆರೆಯೋಣ ಅಂತ ಕ್ಯಾಬಿನ್ನಿನಿಂದ ಲ್ಯಾಪ್‌ಟಾಪನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಅವರು ಹೋಗುವಷ್ಟರಲ್ಲಿ ಮೇಡಂ ವೈರನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿಯಾಗಿತ್ತು. ಬಂದವರ ವೈರು ಕೀಳುವುದು ಮರ್ಯಾದೆಯಲ್ಲ. ಭಾವ ಮಡಚಿದ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಎರಡೂ ಮೊಣಕೈ ಊರಿ, ಗಿರಾಕಿಯೇ ದೇವರು ಅನ್ನುವ ಭಾಷಣ ಶುರುಮಾಡಿದರು.

ಮೇಡಂ ಪ್ರಯಾಣಿಕರನ್ನು ಬಿಟ್ಟರು. ಗೋಡೆಯ ಮೇಲೆ ಉತ್ತರಗಳ ಹಸಿರು ಗೆರೆ ಏಳಬೇಕಿತ್ತು. ಏಳಲಿಲ್ಲ. ನೆಲ ಹಿಡಿದು ಮಲಗಿತ್ತು.

"ಒಳಗಿನವರೆಲ್ಲ ಖಾಲಿ ಕೂತಿದಾರೆ," ಅಂದ ಪದಕ ತನ್ನ ಪರದೆ ನೋಡಿ.

"ಬಾಗಿಲವಳು?"

"ಮೊದಲನೇ ಗಿರಾಕಿ ಹತ್ರಾನೇ ನಿಂತಿದಾಳೆ." ತಲೆಯಿಂದ ಗಾಜಿನ ಬಾಗಿಲು ತೋರಿಸಿದ. "ಹೂಂಗೆ ಕಾಯ್ತಿದಾಳೆ."

ಮುಚ್ಚಳ ಮುಚ್ಚಿದ್ದಕ್ಕೆ ಲ್ಯಾಪ್‌ಟಾಪ್ ನಿದ್ದೆಗೆ ಜಾರಿತ್ತು. ಸತ್ತಿದ್ದರೆ ಚೆನ್ನಾಗಿತ್ತು, ಸಂಪರ್ಕ ಹರಿಯಿತು ಅಂತ ಸುದ್ದಿ ಬರುತ್ತಿತ್ತು, ಬಾಗಿಲವಳು ಮುಂದೆ ಹೋಗುತ್ತಿದ್ದಳು. ನಿದ್ದೆ ಮಾಡುವವರು ಹೌದೂ ಅನ್ನುವುದಿಲ್ಲ, ಇಲ್ಲಾನೂ ಅನ್ನುವುದಿಲ್ಲ. ಗಡುವೂ ಇಲ್ಲ. ಸಾವಿರಾರು ಪ್ರಯಾಣಿಕರು ಒಂದು ಕಡೆ, ಒಳಗಿನ ಆಳುಗಳು ಇನ್ನೊಂದು ಕಡೆ, ನಡುವೆ ಭಾವನ ಮೊಣಕೈ.

ನಾನು ಗಾಜಿನ ಬಾಗಿಲು ತಳ್ಳಿದೆ. ಮೇಡಂ ಕೇಳುತ್ತಿದ್ದರು, "ನಿಮ್ಮ ಸರ್ವರ್ ಯಾಕೆ ನಿಂತಿದೆ?"

"ನಿಂತಿಲ್ಲ ಮೇಡಂ, ಯೋಚನೆ ಮಾಡ್ತಿದೆ," ಅಂದರು ಭಾವ.

"ಭಾವ, ಆ ಲ್ಯಾಪ್‌ಟಾಪು..."

"ದೊಡ್ಡವರು ಮಾತಾಡ್ತಿದ್ದೀವಲ್ಲಮ್ಮ." ಮೇಡಂ ಕಡೆ ತಿರುಗಿ ನಕ್ಕರು. "ನನ್ನ ನಾದಿನಿ. ಮೊದಲು ಫೋನ್ ಎತ್ತೋಳು, ಏನೋ ಆಸೆಪಟ್ಟಳು ಅಂತ ಕೊಟ್ಟೆ." ಮತ್ತೆ ನನಗೆ, "ಹೊರಗೆ ಫೋನ್ ಮೇಜು ಖಾಲಿ ಇದೆ, ಹೋಗಿ ಕೂತ್ಕೋ. ನಾನು ನೋಡ್ಕೋತೀನಿ."

ಮುಚ್ಚಳ ಎತ್ತಿದ್ದರೆ ಸಾಕಿತ್ತು. ಕೈ ಅಲ್ಲಿಗೇ ಹೋಯಿತು ಕೂಡ. ಎತ್ತಿದ್ದರೆ ಲ್ಯಾಪ್‌ಟಾಪ್ ಕಣ್ಣುಜ್ಜಿಕೊಂಡು ಹೂಂ ಹೂಂ ಅನ್ನುತ್ತಿತ್ತು, ಹಸಿರು ಗೆರೆ ತೆವಳಿಕೊಂಡಾದರೂ ಏಳುತ್ತಿತ್ತು, ಭಾವನ ಮಾನವೂ ಉಳಿಯುತ್ತಿತ್ತು. ಆಮೇಲೆ ರಜೆ ಬರುತ್ತಿತ್ತು, ಭಾವ ಲ್ಯಾಪ್‌ಟಾಪ್ ಮಡಚಿಕೊಂಡು ಮನೆಗೆ ಊಟಕ್ಕೆ ಹೊರಡುತ್ತಿದ್ದರು, ಊರಿಗೆ ಊರೇ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ನಿಲ್ಲುತ್ತಿತ್ತು. ಫೋನ್ ಮೇಜು ಇವತ್ತಲ್ಲದಿದ್ದರೆ ಆವತ್ತು.

"ಮೇಡಂ," ಅಂದೆ. "ತಪ್ಪು ಎಲ್ಲಿದೆ ಅಂತ ಗೊತ್ತು. ಒಂದು ಸಾಲು ಬದಲಾಯಿಸ್ಬೇಕು. ಸರ್ವರ್ ನಿಲ್ಲಿಸಿ ಮತ್ತೆ ಹೊರಡಿಸ್ತೀನಿ. ನಿಮ್ಮ ಜನರನ್ನ ಇನ್ನೊಂದು ಸಲ ಮೊದಲಿಂದ ಬಿಡ್ತೀರಾ?"

"ನಿಲ್ಲಿಸಿದ್ರೆ ಅದನ್ನೂ ಬರ್ಕೋತೀನಿ."

"ಬರ್ಕೊಳ್ಳಿ."

"ಏಯ್, ನನ್ನನ್ನ ಕೇಳ್ದೆ..." ಅಂದರು ಭಾವ.

"ಯಾವ ಸಾಲು?" ಅಂದರು ಮೇಡಂ.

"ಪ್ರತಿ ಪ್ರಯಾಣಿಕರಿಗೂ ಇವರ ಹೂಂ ಬರೋ ತನಕ ಕಾಯೋ ಸಾಲು. ಹೂಂ ಅನ್ನೋದು ಅಲ್ಲಿದೆ, ಅವರ ಮೊಣಕೈ ಕೆಳಗೆ."

ಮೇಡಂ ಮೊಣಕೈ ನೋಡಿದರು. ಭಾವನೂ ನೋಡಿಕೊಂಡರು, ಅದು ಬೇರೆ ಯಾರದೋ ಮೊಣಕೈ ಅನ್ನುವ ಹಾಗೆ. ತೆಗೆಯಲಿಲ್ಲ ಮಾತ್ರ. ತೆಗೆದರೆ ಒಪ್ಪಿಕೊಂಡ ಹಾಗಲ್ಲವೇ.

"ನಮ್ಮಲ್ಲೂ ಒಬ್ಬರಿದ್ದಾರೆ," ಅಂದರು ಮೇಡಂ ನಗದೆ. "ಬಸ್ ಹೊರಡ್ಬೇಕಾದ್ರೆ ಅವರು ಮಹಡಿಯಿಂದ ಕೈ ಬೀಸ್ಬೇಕು. ಹೋಗಿ, ತೆಗೀರಿ."

ಹೋಗಿ ತೆಗೆದೆ. ಸುದ್ದಿಯನ್ನು ಭಾವನ ಕಡೆಗೆ ಎಸೆಯುವುದು, ಮುಟ್ಟಿತೋ ಇಲ್ಲವೋ ತಿರುಗಿ ನೋಡದೆ ಮುಂದಿನ ದೀಪ ಎತ್ತುವುದು. ಪದಕ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ "ಹಾಕಿ" ಅಂದ. ಸರ್ವರ್ ಮತ್ತೆ ಹೊರಟಿತು. ಪ್ರಯಾಣಿಕರು ಬಂದರು. ಅರ್ಧ ಮಾತಿನವರು, ಕೇಳಿ ಓಡಿಹೋಗುವವರು, ಕೇಳಿದ್ದನ್ನೇ ಕೇಳುವವರು, ಎಲ್ಲರೂ. ಹಸಿರು ಗೆರೆ ಎದ್ದು, ಒಂದು ಕಡೆ ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಯಿತು. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಭಾವನ ಭಾಷಣ ಮಾತ್ರ ಎಲ್ಲಿಗೆ ನಿಂತಿತ್ತೋ ಅಲ್ಲೇ ನಿಂತಿತ್ತು, ಚೀಟಿಯಲ್ಲಿ ಗುರುತು ಹಾಕಿಕೊಂಡಿರಲಿಲ್ಲ.

ಮೇಡಂ ಚೀಲ ತುಂಬಿಕೊಂಡರು. "ಒಂದು ಸಲ ನಿಂತಿದ್ದು, ಒಂದು ಸಲ ಓಡಿದ್ದು, ಎರಡನ್ನೂ ಮೇಲಿನವರಿಗೆ ಹೇಳ್ತೀನಿ. ಸಂಜೆಯೊಳಗೆ ಫೋನ್ ಮಾಡ್ತೀವಿ," ಅಂದು ಮೆಟ್ಟಿಲಿಳಿದರು.

ಭಾವ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಹೇಳಿದರು: "ಬಂದವರ ಮುಂದೆ ನನ್ನ ಮಾನ ತೆಗೆದೆ."

"ಮುಚ್ಚಳ ತೆಗೆದಿದ್ರೆ ಮಾನ ಉಳೀತಿತ್ತು ಭಾವ. ಸರ್ವರ್ ಉಳೀತಿರಲಿಲ್ಲ."

"ಮಾತಿಗೇನು ಕಮ್ಮಿ ಇಲ್ಲ. ಫೋನ್ ಬರುತ್ತೆ, ನೀನೇ ಎತ್ತು. ಅವರು ಬೇಡ ಅಂದ್ರೆ ಆ ಕುರ್ಚಿಯಿಂದ ಏಳ್ಬೇಡ, ಅಲ್ಲೇ ಇದ್ದುಬಿಡು."

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಶಾಲೆಯಿಂದ ನನ್ನ ಮೊಬೈಲಿಗೆ ಕರೆ ಮಾಡಿದಳು. ಆದದ್ದೆಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಒಂದೇ ಸಾಲಾ?" ಅಂದಳು.

"ಒಂದೇ."

"ಅದಿಲ್ದೆ ಏನೂ ಆಗ್ಲಿಲ್ವಾ?"

"ಏನೂ ಆಗ್ಲಿಲ್ಲ ಕಣೇ. ಚೆನ್ನಾಗಿ ಓಡ್ತು."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಒಂದೇ ಸಾಲು ಅಂತ ಅಕ್ಕ ಇನ್ನೊಂದು ಸಲ ತನಗೇ ಹೇಳಿಕೊಂಡು, ಬೆಲ್ ಆಯ್ತು ಅಂದು ಇಟ್ಟಳು.

ಬಿಸಿಲು ನನ್ನ ಮೇಜಿನಿಂದ ಪದಕನ ಮೇಜಿಗೆ ಸರಿದಾಗ ಫೋನ್ ರಿಂಗಾಯಿತು. ಬಾಗಿಲ ಪಕ್ಕದ ಖಾಲಿ ಮೇಜಿನ ಮೇಲೆ ಮೊದಲನೇ ದೀಪ ಮಿಣುಕುತ್ತಿತ್ತು.

"ಫೋನು!" ಅಂತ ಕ್ಯಾಬಿನ್ನಿನಿಂದ ಕೂಗು ಬಂತು.

ನನ್ನ ಕಾಲು ಅಭ್ಯಾಸಬಲದಿಂದ ನೆಲ ಊರಿತು. ಪದಕ ನನ್ನನ್ನೇ ನೋಡುತ್ತಿದ್ದ. ಎದ್ದು ಆ ಕುರ್ಚಿಗೆ ಹೋದೆನೆಂದರೆ, ಬೇಕು ಅಂದರೂ ಬೇಡ ಅಂದರೂ ಅಲ್ಲೇ ಇರುವವಳು ನಾನು. ಕಾಲು ಎಳೆದುಕೊಂಡು ಕೀಬೋರ್ಡಿನ ಮೇಲೆ ಕೈಯಿಟ್ಟೆ. ಬಾಗಿಲವಳು ಒಳಗೆ ಕೂತು ತನ್ನ ಪಾಡಿಗೆ ಲೈನು ಎತ್ತುತ್ತಿದ್ದಳು.

"ಯಾರಾದ್ರೂ ಎತ್ರೋ! ಬಸ್ಸಿನವರದ್ದೇ ಇರ್ಬೇಕು!"

ಯಾರೂ ಏಳಲಿಲ್ಲ. ದೀಪ ಮಿಣುಕುತ್ತಲೇ ಇತ್ತು. ಕುರ್ಚಿ ಕಿರುಗುಟ್ಟಿತು, ಚಪ್ಪಲಿಯ ಸರಸರ ಸದ್ದಾಯಿತು, ಭಾವ ಕ್ಯಾಬಿನ್ನಿನಿಂದ ಓಡಿ ಬಂದು ಸಣ್ಣ ಮೇಜಿನ ಹಿಂದೆ ಮಂಡಿ ತೂರಿಸಿಕೊಂಡು ಕೂತು ರಿಸೀವರ್ ಎತ್ತಿದರು.

"ಹಲೋ. ಹೂಂ ಮೇಡಂ. ಹೂಂ." ಈ ಹೂಂ ನಾನು ಕೇಳಿಯೇ ಇರಲಿಲ್ಲ. ಗಂಟಲಿನಿಂದ ಹೊರಟು ನಾಲಿಗೆಯ ತುದಿಯಲ್ಲೇ ಮುಗಿಯುತ್ತಿತ್ತು. "ಹೂಂ. ಬರೆದಿದ್ದಾ? ನಾವೇ ಎಲ್ಲ ಸೇರಿ... ಹೂಂ. ಹೌದು, ಅವಳೇ. ಹೂಂ. ಆ ಸಾಲನ್ನ ತೆಗೆದೇ ಇರ್ಬೇಕು, ಹೂಂ. ಒಪ್ಪಂದದ ಷರತ್ತಿನಲ್ಲೇ ಬರೀತೀರಾ? ಹೂಂ..." ಕನ್ನಡಕ ತೆಗೆದು ಶರ್ಟಿಗೆ ಒರೆಸಿಕೊಂಡರು. "ಏನಂದ್ರಿ? ಇಲ್ಲ ಮೇಡಂ, ಅವಳ ಹತ್ರ ಮಾತಾಡ್ಬೇಕಾದ್ರೆ ಈ ನಂಬರಿಗೆ ಮಾಡ್ಬೇಡಿ. ಅವಳು ಫೋನ್ ಮೇಜಲ್ಲಿ ಕೂರಲ್ಲ."

ಪದಕ ಮೇಜಿನ ಕೆಳಗಿಂದ ನನ್ನ ಕಡೆ ಹೆಬ್ಬೆರಳು ಎತ್ತಿದ. ಅಷ್ಟರಲ್ಲಿ ಎರಡನೇ ದೀಪ ಮಿಣುಕತೊಡಗಿತು. ಭಾವ ಅದನ್ನು ಹಾವು ಕಂಡವರ ಹಾಗೆ ನೋಡಿದರು. ರಿಸೀವರಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದರು.

"ಇನ್ನೊಂದು ಬಂತಲ್ಲಮ್ಮ! ಇವರು ಇನ್ನೂ ಮಾತಾಡ್ತಿದ್ದಾರೆ. ಈಗೇನು ಮಾಡ್ಲಿ?"

"ಇವರಿಗೆ ಒಂದು ನಿಮಿಷ ಅನ್ನಿ, ಕೆಂಪು ಗುಂಡಿ ಒತ್ತಿ, ಅದನ್ನ ಎತ್ತಿ. ಕಾಯ್ತಾರೆ ಭಾವ, ಯಾರೂ ಸಾಯಲ್ಲ."

ಅವರು ಒಂದು ನಿಮಿಷ ಅಂದರು, ಕೆಂಪು ಗುಂಡಿ ಒತ್ತಿದರು, ಎರಡನೇ ಲೈನು ಎತ್ತುವ ಭರದಲ್ಲಿ ಸ್ಪೀಕರಿನ ಗುಂಡಿಯನ್ನೂ ಒತ್ತಿಬಿಟ್ಟು ಹಲೋ ಅಂದರು. ಅಕ್ಕನ ದನಿ ಕೋಣೆ ತುಂಬಿತು. "ನಾನು ರೀ. ಸಂಜೆ ಸ್ಕೂಲಿನವರ ಜೊತೆ ಹೊರಗೆ ಹೋಗ್ತಿದ್ದೀನಿ, ಬರೋದು ತಡ ಆಗುತ್ತೆ, ಅನ್ನ ಕುಕ್ಕರಿನಲ್ಲಿದೆ, ಬಿಸಿ ಇರುವಾಗ್ಲೇ ಬಡಿಸ್ಕೊಂಡು ತಿನ್ನಿ." ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು, ಕಟ್ ಅಂತ ಇಟ್ಟಳು.

"ಹೂಂ," ಅಂದರು ಭಾವ. ಎರಡನೇ ದೀಪ ಆಗಲೇ ಆರಿತ್ತು. ರಿಸೀವರನ್ನು ಒಂದು ಸಲ ನೋಡಿ, ಮಿಣುಕುತ್ತಿದ್ದ ಮೊದಲನೇ ದೀಪದ ಮೇಲೆ ಬೆರಳಿಟ್ಟು ಒತ್ತಿದರು.